ಕರೆಂಟು ಎಲ್ಲೀಗಂಟ ಬಂದದೆ?

2023ರ ದೀಪಾವಳಿಗೆ ಊರಿಗೆ ಹೋದಾಗ ಅಪ್ಪನ ಕಂಪ್ಯೂಟರ್ ಆನ್ ಆಗಲಿಲ್ಲ.

ಅಪ್ಪ ತೀರಿಕೊಂಡು ಒಂದೂವರೆ ವರ್ಷವಾಗಿತ್ತು. ಅಷ್ಟು ದಿನವೂ ಅದನ್ನು ಯಾರೂ ಮುಟ್ಟಿರಲಿಲ್ಲ. ಅವ್ವ ತನ್ನ ಹಳೇ ಸೀರೆಯೊಂದನ್ನು ಮಡಿಸಿ ಅದರ ಮೇಲೆ ಹೊದಿಸಿ, ದೂಳು ಕೂತಾಗ ಸೀರೆಯನ್ನು ಮಾತ್ರ ಒದರಿ ಮತ್ತೆ ಹೊದಿಸುತ್ತಿದ್ದಳು. ಅದು ಒಳಮನೆಯ ಕಿಟಕಿಯ ಪಕ್ಕ, ಅಪ್ಪ ಇಸ್ಕೂಲಿನ ಉತ್ತರ ಪತ್ರಿಕೆ ತಿದ್ದುತ್ತಿದ್ದ ಅದೇ ಮೇಜಿನ ಮೇಲೆ ಇತ್ತು. ನಾನು ಸೀರೆ ತೆಗೆದು, ಕುರ್ಚಿ ಎಳೆದುಕೊಂಡು ಕೂತು, ಗುಂಡಿ ಒತ್ತಿದೆ. ಏನೂ ಆಗಲಿಲ್ಲ. ಫ್ಯಾನಿನ ಸದ್ದಿಲ್ಲ, ಮುಂದಿನ ಚಿಕ್ಕ ದೀಪವಿಲ್ಲ. ಇನ್ನೊಂದು ಸಲ ಒತ್ತಿದೆ. ಒತ್ತಿ ಹಿಡಿದೆ. ಚಿಕ್ಕವನಿದ್ದಾಗ ಟೀವಿಗೆ ಮಾಡುತ್ತಿದ್ದ ಹಾಗೆ ಪಕ್ಕಕ್ಕೆ ಎರಡು ಏಟೂ ಕೊಟ್ಟೆ.

ಹನೂರು ದಾಟಿ ಮಾದಪ್ಪನ ಬೆಟ್ಟಕ್ಕೆ ಹೋದವರೆಲ್ಲ ನಮ್ಮ ಕೌದಳ್ಳಿಯನ್ನು ನೋಡಿಯೇ ಇರುತ್ತೀರಿ, ಆದರೆ ಬಸ್ಸಿನ ಕಿಟಕಿಯಿಂದ. ಇಳಿದು ನೋಡುವಂಥದ್ದು ಏನೂ ಇಲ್ಲ ಅಂತಲೇ ನಮ್ಮೂರಿನವರ ಅಭಿಪ್ರಾಯವೂ. ಶಿವರಾತ್ರಿ, ಯುಗಾದಿ, ದೀಪಾವಳಿ ಬಂತೆಂದರೆ ಮಾತ್ರ ರಸ್ತೆಗೆ ಜೀವ ಬರುತ್ತದೆ. ಟೆಂಪೋ, ಟ್ರ್ಯಾಕ್ಟರು, ಕಾಲ್ನಡಿಗೆಯವರು, ರಾತ್ರಿಯೆಲ್ಲ ಉಘೇ ಉಘೇ. ಹಿಂದೆಲ್ಲ ನಡೆದು ಬಂದವರು ನಮ್ಮ ಮನೆಯ ಜಗುಲಿಯ ಮೇಲೆಯೇ ಮಲಗುತ್ತಿದ್ದರು. ಅವರಲ್ಲಿ ಕಂಸಾಳೆಯವರಿದ್ದರೆ ಅಪ್ಪನಿಗೆ ಅವತ್ತು ನಿದ್ದೆ ಇಲ್ಲ. ಕಾಫಿ ಕೊಡಿಸಿ, ಹಾಡಿಸಿ, ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದ. ಅವ್ವನಿಗೂ ಬಿಡುವಿಲ್ಲ. ಅವಳು ತನ್ನ ತಾಯಿಯಿಂದ ಕಲಿತ ಸೋಬಾನೆ, ಬೀಸುವ ಪದ, ಸಂಕಮ್ಮನ ಸಾಲಿನ ತುಂಡುಗಳು ಎಲ್ಲವೂ ಆ ನೋಟ್‌ಬುಕ್ಕಿಗೆ ಸೇರಿದವು. ಪಿ.ಕೆ. ರಾಜಶೇಖರ ಅವರು ಸಂಗ್ರಹಿಸಿದ ಮಾದೇಶ್ವರನ ಕಾವ್ಯ ಇದೆಯಲ್ಲಪ್ಪ, ಮತ್ತೆ ನೀನ್ಯಾಕೆ ಬರೆಯುತ್ತೀ ಎಂದು ನಾನೊಮ್ಮೆ ಕೇಳಿದ್ದೆ. ‘ಅದು ಅವರ ಕಿವಿಗೆ ಬಿದ್ದದ್ದು, ಇದು ನನ್ನ ಕಿವಿಗೆ ಬಿದ್ದದ್ದು’ ಎಂದಿದ್ದ.

2009ರಲ್ಲಿ ನಿವೃತ್ತನಾದಾಗ ಬಂದ ದುಡ್ಡಿನಲ್ಲಿ ಮೈಸೂರಿಗೆ ಹೋಗಿ ಈ ಕಂಪ್ಯೂಟರ್ ಜೋಡಿಸಿಕೊಂಡು ತಂದ. ಬಸ್ಸಿನಲ್ಲಿ ತಂದ, ತೊಡೆಯ ಮೇಲೆ ಇಟ್ಟುಕೊಂಡು. ‘ನುಡಿ’ ಹಾಕಿಸಿಕೊಂಡು, ಕೆ.ಪಿ. ರಾವ್ ವಿನ್ಯಾಸದ ಆ ಕೀಲಿಮಣೆಯನ್ನು ಒಂದು ರಟ್ಟಿನ ಮೇಲೆ ಬರೆದು ಎದುರಿಗೆ ಅಂಟಿಸಿಕೊಂಡು, ಎರಡೇ ಬೆರಳಿನಲ್ಲಿ ಟೈಪ್ ಮಾಡಲು ಕೂತ. ಹದಿಮೂರು ವರ್ಷ ದಿನಕ್ಕೆ ಎರಡು ಸಲ, ಬೆಳಗಿನ ತಿಂಡಿಯ ಮೇಲೊಮ್ಮೆ, ಸಂಜೆ ದೀಪ ಹಚ್ಚಿದ ಮೇಲೊಮ್ಮೆ ಆ ಗುಂಡಿ ಒತ್ತಿದ್ದಾನೆ.

ನೋಟ್‌ಬುಕ್ಕುಗಳು ಏನಾದವು ಎಂದು ಕೇಳಬೇಡಿ. ಟೈಪ್ ಆದ ನೋಟ್‌ಬುಕ್ಕುಗಳನ್ನು ಅಟ್ಟದ ಮೇಲೆ ಹಾಕಿದ್ದೆವು. ಅಟ್ಟಕ್ಕೆ ಗೆದ್ದಲು ಬಂತು. ತೆಗೆದು ನೋಡುವಷ್ಟರಲ್ಲಿ ರಟ್ಟು ಮಾತ್ರ ಉಳಿದು, ನಡುವೆ ಮಣ್ಣು ತುಂಬಿಕೊಂಡಿತ್ತು. ಅಪ್ಪ ಆಗ ಬೇಜಾರು ಮಾಡಿಕೊಳ್ಳಲಿಲ್ಲ. ಎಲ್ಲ ಒಳಗೆ ಅದೆಯಲ್ಲ ಅಂದ. ಅವ್ವನ ಮಾತು ಇನ್ನೂ ಒಂದು ಹೆಜ್ಜೆ ಮುಂದೆ. ಈಗ ಯಾವುದಾದರೂ ಪದ ಹೇಳವ್ವ ಅಂದರೆ ಎರಡು ಸಾಲು ಹೇಳಿ ನಿಲ್ಲಿಸಿಬಿಡುತ್ತಾಳೆ. ‘ನಿಮ್ಮಪ್ಪ ಬರ್ಕಂಡವ್ರಲ್ಲ, ಇನ್ನು ನಾನ್ಯಾಕ್ ಗ್ಯಾನದಲ್ಲಿ ಮಡಿಕಳ್ಲಿ’ ಎನ್ನುತ್ತಾಳೆ. ಬರೆದಿಟ್ಟದ್ದರಿಂದಲೇ ಅವಳು ಮರೆತಳು. ಮರೆತದ್ದೆಲ್ಲ ಇರುವುದು ಈ ಡಬ್ಬಿಯಲ್ಲಿ. ಡಬ್ಬಿ ಏಳುತ್ತಿಲ್ಲ.

ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಟೆಸ್ಟಿಂಗ್ ಕೆಲಸ ಮಾಡುತ್ತೇನೆ, ಹನ್ನೊಂದು ವರ್ಷದಿಂದ. ಏನು ಕೆಟ್ಟಿದೆ ಎಂದು ಹುಡುಕುವುದಕ್ಕೇ ನನಗೆ ಸಂಬಳ. ಊರಿನಲ್ಲಿ ಇದನ್ನು ಯಾರಿಗೂ ಬಿಡಿಸಿ ಹೇಳಿಲ್ಲ. ‘ಕಂಪ್ಯೂಟ್ರು ಕೆಲ್ಸದೋನು, ಕಂಪ್ಯೂಟ್ರು ರಿಪೇರಿ ಬರಕಿಲ್ವ?’ ಎಂದು ಪಕ್ಕದ ಮನೆಯ ಅಜ್ಜಿ ನಕ್ಕಳು. ಬರುವುದಿಲ್ಲ ಅಜ್ಜಿ. ಹನ್ನೊಂದು ವರ್ಷದಲ್ಲಿ ನಾನು ಒಂದು ಕಂಪ್ಯೂಟರಿನ ಮುಚ್ಚಳವನ್ನೂ ತೆಗೆದವನಲ್ಲ. ಆಫೀಸಿನಲ್ಲಿ ಲ್ಯಾಪ್‌ಟಾಪ್ ಕೆಟ್ಟರೆ ಚೀಟಿ ಬರೆಯುತ್ತೇವೆ, ಯಾರೋ ಬಂದು ಬೇರೆಯದನ್ನು ಕೊಟ್ಟು ಹೋಗುತ್ತಾರೆ.

ಅವತ್ತು ನಾನು ಮಾಡಿದ್ದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಮೊದಲು ಸ್ನೇಹಿತನಿಗೆ ಫೋನ್ ಮಾಡಿದೆ. ಎಷ್ಟು ವರ್ಷದ್ದು ಅಂದ. ಹದಿನಾಲ್ಕು ಅಂದೆ. ಮದರ್‌ಬೋರ್ಡ್ ಹೋಗಿರುತ್ತೆ ಬಿಡು, ಹಾರ್ಡ್ ಡಿಸ್ಕ್ ಬಿಚ್ಚಿಕೊಂಡು ಬಾ, ಇಲ್ಲಿ ಕೇಬಲ್ ಹಾಕಿ ಓದೋಣ ಅಂದ. ಡಿಸ್ಕೂ ಹೋಗಿದ್ದರೆ ಅಂದೆ. ಹೋಗಿದ್ದರೆ ಹೋಯಿತು ಅಂದ. ಆಮೇಲೆ ಯೂಟ್ಯೂಬ್ ನೋಡಿದೆ. ಒಂದು ಗಂಟೆ ನೋಡಿದ ಮೇಲೆ ನನ್ನ ತಲೆಯಲ್ಲಿ ಒಂಬತ್ತು ಕಾಯಿಲೆಗಳಿದ್ದವು. ಉಬ್ಬಿದ ಕೆಪ್ಯಾಸಿಟರು, ಸುಟ್ಟ ಎಸ್‌ಎಂಪಿಎಸ್, ಸತ್ತ ಪ್ರೊಸೆಸರು, ಸಡಿಲ ರ‍್ಯಾಮು. ಗೋಡೆಯ ಪ್ಲಗ್ಗಿನಲ್ಲಿ ಕರೆಂಟು ಇದೆಯೋ ಇಲ್ಲವೋ ಎಂದು ಮಾತ್ರ ಇನ್ನೂ ನೋಡಿರಲಿಲ್ಲ.

ಡಿಸ್ಕ್ ಬಿಚ್ಚಿಕೊಂಡು ಹೋಗುವುದೇ ಬುದ್ಧಿವಂತರ ಕೆಲಸ. ಅದನ್ನು ಅವ್ವನಿಗೆ ಹೇಳಿದೆ. ಅವಳು ಒಪ್ಪಲಿಲ್ಲ. ಅವಳದೂ ತಪ್ಪಲ್ಲ. ಅಪ್ಪ ಹೋದ ಮೂರನೇ ತಿಂಗಳಿಗೆ ಅವನ ಮೊಬೈಲನ್ನು ರಿಪೇರಿಗೆ ಕೊಟ್ಟಿದ್ದೆ. ಚಾರ್ಜ್ ಆಗುತ್ತಿರಲಿಲ್ಲ ಅಷ್ಟೆ. ಅಂಗಡಿಯವನು ಹೊಚ್ಚ ಹೊಸದರ ಹಾಗೆ ಮಾಡಿ ಕೊಟ್ಟ, ಒಳಗಿದ್ದದ್ದನ್ನೆಲ್ಲ ಅಳಿಸಿ. ಅಪ್ಪನ ದನಿಯಿದ್ದ ನಲವತ್ತೋ ಐವತ್ತೋ ರೆಕಾರ್ಡಿಂಗ್ ಅದರಲ್ಲಿದ್ದವು. ‘ಇದ್ನೂ ಎತ್ಕಂಡೋಗಿ ತೊಳ್ಕಂಡ್ ಬಂದೀಯ’ ಅಂದಳು ಅವ್ವ. ‘ಏನ್ ಮಾಡದಿದ್ರೂ ಇಲ್ಲೇ ಮಾಡು. ಇಲ್ದಿದ್ರೆ ಅಂಗೇ ಇರ್ಲಿ.’

ಕೊಳ್ಳೇಗಾಲದಿಂದ ಯಾರನ್ನಾದರೂ ಕರೆಸಬಹುದಿತ್ತು. ಹಬ್ಬದ ಮಾರನೆ ದಿನ, ಬೆಟ್ಟದ ಜಾತ್ರೆಯ ನೂಕುನುಗ್ಗಲಿನಲ್ಲಿ, ಒಂದು ಗಂಟೆಗೂ ಮೀರಿದ ದಾರಿಯನ್ನು ಯಾರು ಬರುತ್ತಾರೆ? ಕೊನೆಗೆ ಅವ್ವನೇ ಹೇಳಿದಳು, ‘ಮೋಟ್ರು ಮಾವನ್ನ ಕೇಳು.’

ಮೋಟ್ರು ಮಾವ ನನ್ನ ಸ್ವಂತ ಮಾವನಲ್ಲ. ಊರಿಗೆಲ್ಲ ಮಾವ. ರಸ್ತೆ ಬದಿಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ. ಸುಟ್ಟ ಪಂಪ್‌ಸೆಟ್ ಮೋಟಾರುಗಳನ್ನು ಬಿಚ್ಚಿ, ತಾಮ್ರದ ತಂತಿ ಸುತ್ತಿ, ವಾರ್ನಿಷ್ ಬಳಿದು ಕೊಡುವುದು ಅವನ ಕಸುಬು. ಓದಿದ್ದು ಏಳನೇ ಕ್ಲಾಸು, ಅದೂ ನಮ್ಮಪ್ಪನ ಹತ್ತಿರ. ಕಂಪ್ಯೂಟರ್ ಮುಟ್ಟಿದವನಲ್ಲ. ನಾನು ಹೋಗಿ ಮದರ್‌ಬೋರ್ಡ್ ಹೋಗಿರಬಹುದು ಮಾವ ಎಂದು ಶುರು ಮಾಡಿದೆ. ಅವನು ಕೈ ಒರೆಸಿಕೊಳ್ಳುತ್ತಾ ಕೇಳಿದ.

‘ಅದು ಹೋಗದೆ ಅಂತ ಯಾರ್ ಯೋಳ್ದವ್ರು?’

‘ಆನ್ ಆಗ್ತಿಲ್ಲ ಮಾವ.’

‘ಅದು ನಂಗೂ ಗೊತ್ತಾಯ್ತು. ಕರೆಂಟು ಎಲ್ಲೀಗಂಟ ಬಂದದೆ ನೋಡ್ದಾ?’

ನೋಡಿರಲಿಲ್ಲ. ನಾನು ಹಿಂದಿನ ತುದಿಯಿಂದ ಶುರು ಮಾಡಿದ್ದೆ. ನನಗೆ ಬೇಕಾದದ್ದು ಡಿಸ್ಕಿನಲ್ಲಿತ್ತು, ಹಾಗಾಗಿ ಭಯವೂ ನೇರ ಡಿಸ್ಕಿಗೇ ಹೋಗಿತ್ತು. ಮಾವನಿಗೆ ಆ ಭಯ ಇರಲಿಲ್ಲವಾದ್ದರಿಂದ ಅವನು ಕಂಬದಿಂದ ಬಂದ.

ಅವನ ಸಾಮಾನು ಇಷ್ಟೆ: ಒಂದು ಟೆಸ್ಟರ್, ಒಂದು ಹಳದಿ ಮಲ್ಟಿಮೀಟರು, ಮತ್ತೊಂದು ಟೆಸ್ಟ್ ಲ್ಯಾಂಪು. ಟೆಸ್ಟ್ ಲ್ಯಾಂಪೆಂದರೆ ಹೋಲ್ಡರಿನಲ್ಲಿ ಒಂದು ಹಳೇ ಬಲ್ಬು, ಅದರಿಂದ ಎರಡು ವೈರು. ಟೆಸ್ಟರ್ ಬರೀ ಸುಳ್ಳು ಹೇಳುತ್ತದೆ, ಬಲ್ಬು ಹೇಳುವುದಿಲ್ಲ ಎನ್ನುವುದು ಅವನ ನಂಬಿಕೆ. ಅದರಲ್ಲಿ ಅರ್ಥವಿದೆ. ಟೆಸ್ಟರಿನ ಸಣ್ಣ ನಿಯಾನ್ ದೀಪಕ್ಕೆ ಕೂದಲೆಳೆಯಷ್ಟು ಕರೆಂಟು ಸಾಕು, ತುಕ್ಕು ಹಿಡಿದ ತಂತಿಯಲ್ಲೂ ಹತ್ತಿಕೊಂಡು ಎಲ್ಲ ಸರಿ ಇದೆ ಎನ್ನುತ್ತದೆ. ಬಲ್ಬು ಉರಿಯಬೇಕಾದರೆ ನಿಜವಾಗಿ ಕರೆಂಟು ಹರಿಯಬೇಕು.

ಪ್ಲಗ್ಗಿನ ಎರಡು ತೂತಿಗೆ ವೈರು ಕೊಟ್ಟ. ಬಲ್ಬು ಉರಿಯಿತು. ಒಂದು ವೈರನ್ನು ಮೇಲಿನ ದಪ್ಪ ತೂತಿಗೆ, ಅಂದರೆ ಅರ್ಥಿಂಗಿಗೆ ಕೊಟ್ಟ. ಉರಿಯಲಿಲ್ಲ. ‘ಮೇಷ್ಟ್ರಿಗೆ ಡಬ್ಬ ಮುಟ್ಟುದ್ರೆ ಜುಂ ಅಂತಿತ್ತಾ?’ ಎಂದು ಅವ್ವನನ್ನು ಕೇಳಿದ. ಹೂಂ ಅಂದಳು. ಅಪ್ಪ ಅದಕ್ಕೇ ಕಾಲಡಿ ಮಣೆ ಹಾಕಿಕೊಂಡು ಕೂರುತ್ತಿದ್ದನಂತೆ. ನನಗೆ ಗೊತ್ತಿರಲಿಲ್ಲ. ಕಂಪ್ಯೂಟರ್ ಏಳದಿರುವುದಕ್ಕೂ ಇದಕ್ಕೂ ಸಂಬಂಧವಿಲ್ಲ, ಮುಂದೆ ಹೋಗೋಣ ಎಂದು ನಾನು ಅವಸರ ಮಾಡಿದೆ. ಮಾವ ಮುಂದೆ ಹೋಗಲಿಲ್ಲ. ಹಿತ್ತಲಿಗೆ ಹೋದ. ತೆಂಗಿನ ಮರದ ಬುಡದಲ್ಲಿ ಇದ್ದಿಲು, ಉಪ್ಪು ಹಾಕಿ ಮುಚ್ಚಿದ ಅರ್ಥಿಂಗ್ ಗುಂಡಿ ಒಣಗಿ ಬಿರುಕು ಬಿಟ್ಟಿತ್ತು. ರಾಜ್ಯದ ಬಹುಪಾಲು ತಾಲ್ಲೂಕುಗಳನ್ನು ಬರಪೀಡಿತ ಎಂದು ಸಾರಿದ ವರ್ಷ ಅದು. ಪೈಪಿಗೆ ತಂತಿ ಕಟ್ಟಿದ ಕಡೆ ತುಕ್ಕು ಹಿಡಿದು ಪುಡಿಪುಡಿ. ಕೆರೆದು, ಬಿಗಿದು, ನಾಲ್ಕು ಕೊಡ ನೀರು ಹೊಯ್ದ. ಒಳಗೆ ಬಂದು ಮತ್ತೆ ನೋಡಿದರೆ ಬಲ್ಬು ಮಂಕಾಗಿ ಉರಿಯಿತು. ಒಂದು ಗಂಟೆ ಅದಕ್ಕೇ ಹೋಯಿತು. ನಾನು ಮನಸ್ಸಿನಲ್ಲಿ ಬೈದುಕೊಂಡೆ. ಆಮೇಲೆ ಆ ಡಬ್ಬಿಯೊಳಗೆ ಕೈ ಹಾಕಿದ್ದು ನಾನೇ ಎನ್ನುವುದನ್ನು ಇಲ್ಲಿ ಹೇಳಬೇಕು.

ಪ್ಲಗ್ಗಿನ ಆಚೆಗೆ ಯುಪಿಎಸ್. ಅದು ಏಳಲೇ ಇಲ್ಲ. ಒಳಗಿನ ಬ್ಯಾಟರಿ ಚಾರ್ಜ್ ಇಲ್ಲದೆ ತಿಂಗಳುಗಟ್ಟಲೆ ಬಿದ್ದಿದ್ದರೆ ಸತ್ತುಹೋಗುತ್ತದೆ, ಬ್ಯಾಟರಿ ಪೂರ್ತಿ ಸತ್ತರೆ ಕೆಲವು ಯುಪಿಎಸ್‌ಗಳು ಮುಂದಕ್ಕೆ ಕರೆಂಟನ್ನೇ ಬಿಡುವುದಿಲ್ಲ. ಸಿಕ್ಕಿತು ಕಾಯಿಲೆ ಎಂದುಕೊಂಡೆ. ಯುಪಿಎಸ್ ತೆಗೆದು ಕಂಪ್ಯೂಟರಿನ ವೈರನ್ನು ನೇರ ಗೋಡೆಗೆ ಚುಚ್ಚಿ, ಅವ್ವನನ್ನೂ ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡು, ಗುಂಡಿ ಒತ್ತಿದೆ. ಏನೂ ಇಲ್ಲ. ಅವ್ವ ಮಾತಾಡದೆ ಅಡುಗೆಮನೆಗೆ ಹೋದಳು.

ಆ ವೈರನ್ನೇ ಬಿಚ್ಚಿ ಮಾನಿಟರಿಗೆ ಹಾಕಿದ ಮಾವ. ಎರಡಕ್ಕೂ ಒಂದೇ ಬಗೆಯ ವೈರು. ಮಾನಿಟರಿನ ದೀಪ ಬಂತು. ‘ಇಲ್ಲೀಗಂಟ ಬಂದದೆ’ ಅಂದ.

ಈ ‘ಎಲ್ಲೀಗಂಟ’ ಎನ್ನುವ ಮಾತು ಅಪ್ಪನಿಗೂ ಬಹಳ ಇಷ್ಟದ್ದು. ಅವನು ಕ್ಲಾಸಿನಲ್ಲಿ ಹೇಳುತ್ತಿದ್ದ ಪಾಠವೊಂದಿತ್ತು, ಪುಸ್ತಕದಲ್ಲಿ ಇಲ್ಲದ್ದು. ನಮ್ಮೂರಿನ ಮಗ್ಗುಲಿನ ಶಿವನಸಮುದ್ರದಲ್ಲಿ 1902ರಲ್ಲಿ ಕರೆಂಟು ಹುಟ್ಟಿತು. ಹುಟ್ಟಿದ ಕರೆಂಟು ಎಲ್ಲಿಗೆ ಹೋಯಿತು? 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿನ ಬೀದಿಗೆ. ಹೊಳೆಯ ಆ ದಡ ಮೈಸೂರು ಸೀಮೆ, ಈ ದಡದ ಕೊಳ್ಳೇಗಾಲ ಆಗ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆ; ನಾವು ಕನ್ನಡ ನಾಡಿಗೆ ಸೇರಿದ್ದು 1956ರಲ್ಲಿ. ಹಾಗಾಗಿ ನೀರು ಬೀಳುವ ಸದ್ದು ಕೇಳುವಷ್ಟು ಹತ್ತಿರ ಇದ್ದವರು ಸೀಮೆಎಣ್ಣೆ ಬುಡ್ಡಿಯಲ್ಲೇ ಇದ್ದರು. ಇದನ್ನು ಹೇಳಿ ಅಪ್ಪ ಹುಡುಗರನ್ನು ಕೇಳುತ್ತಿದ್ದನಂತೆ, ಕರೆಂಟು ಎಲ್ಲೀಗಂಟ ಬಂತು ಅಂತ. ಮೋಟ್ರು ಮಾವ ಆ ಹುಡುಗರಲ್ಲಿ ಒಬ್ಬ. ಅವನ ಬಾಯಿಯಲ್ಲಿ ಈಗ ಅದು ರಿಪೇರಿಯ ಮಾತಾಗಿದೆ.

ಇನ್ನು ಡಬ್ಬಿ ಬಿಚ್ಚಬೇಕು. ಹಿಂದಿನ ಎರಡು ಸ್ಕ್ರೂ ತೆಗೆದು ಪಕ್ಕದ ತಗಡು ಎಳೆದೆ. ಒಳಗೆ ಬೂದಿಬಣ್ಣದ ದೂಳು, ಜೇಡನ ಬಲೆ, ಮೂಲೆಯಲ್ಲಿ ಪೆಪ್ಪರಮೆಂಟಿನಂಥ ಎರಡು ಬಿಳಿ ಹಲ್ಲಿಮೊಟ್ಟೆ. ಎಸ್‌ಎಂಪಿಎಸ್ ಬಿಚ್ಚಿ ನೋಡೋಣವೇ ಎಂದೆ. ಬೇಡ ಅಂದ ಮಾವ. ಅವನಿಗೆ ಎಸ್‌ಎಂಪಿಎಸ್ ಗೊತ್ತಿಲ್ಲ, ಆದರೆ ಕೆಪ್ಯಾಸಿಟರ್ ಗೊತ್ತು. ‘ವೈರ್ ಕಿತ್ತಾಕುದ್ರೂವೆ ಒಳ್ಗೆ ಕರೆಂಟ್ ಹಿಡ್ಕಂಡು ಕೂತಿರ್ತದೆ. ಒದುದ್ರೆ ಇಲ್ಲಿಂದ್ಲೇ ಬೆಟ್ಟ ಕಾಣ್ತದೆ.’ ನಿಜ. ಗೋಡೆಯ 230 ವೋಲ್ಟನ್ನು ಅದು ಒಳಗೆ 300ಕ್ಕೂ ಮೇಲಕ್ಕೆ ಏರಿಸಿ ಶೇಖರಿಸಿಕೊಂಡಿರುತ್ತದೆ. ಓದುವ ಹುಡುಗರು ದಯವಿಟ್ಟು ಈ ಒಂದು ಡಬ್ಬಿಯನ್ನು ಬಿಚ್ಚಬೇಡಿ.

ಬಿಚ್ಚದೆಯೇ ಅದರ ಸ್ಥಿತಿ ತಿಳಿಯಲು ದಾರಿಯಿದೆ. ಅದನ್ನು ನಾನು ಯೂಟ್ಯೂಬಿನಲ್ಲಿ ನೋಡಿದ್ದೆ, ಒಂಬತ್ತು ಕಾಯಿಲೆಗಳ ನಡುವೆ ಮರೆತಿದ್ದೆ. ಹೊಸ ಕಾಲದ ಕಂಪ್ಯೂಟರು, ಅಂದರೆ 1995ರಲ್ಲಿ ಇಂಟೆಲ್ ತಂದ ಎಟಿಎಕ್ಸ್ ಎಂಬ ಮಾದರಿಯ ನಂತರದ್ದು, ಆಫ್ ಮಾಡಿದಾಗಲೂ ಪೂರ್ತಿ ಆಫ್ ಆಗಿರುವುದಿಲ್ಲ. ಗೋಡೆಯ ಸ್ವಿಚ್ ಹಾಕಿದ್ದರೆ ಎಸ್‌ಎಂಪಿಎಸ್‌ನಿಂದ ನೇರಳೆ ಬಣ್ಣದ ಒಂದು ವೈರಿನಲ್ಲಿ 5 ವೋಲ್ಟ್ ಸದಾ ಬರುತ್ತಿರುತ್ತದೆ. ಬೋರ್ಡು ಅರೆಗಣ್ಣಿನಲ್ಲಿ ಕಾಯುತ್ತಿರಲಿ ಎಂದು. ಮಾವ ಆ ಅಗಲವಾದ ಕನೆಕ್ಟರಿನ ಬೆನ್ನಿಗೆ ಮಲ್ಟಿಮೀಟರಿನ ಮೊನೆ ಚುಚ್ಚಿದ. 5ಕ್ಕೆ ಒಂದು ಕೂದಲು ಹೆಚ್ಚು ತೋರಿಸಿತು.

‘ಲೈಟ್ ಆರ್ಸವ್ವ’ ಅಂದ.

ಅವ್ವ ಒಳಮನೆಯ ದೀಪ ಆರಿಸಿದಳು. ಹೊರಗೆ ಆಗಲೇ ಕತ್ತಲಾಗಿತ್ತು. ಕಣ್ಣು ಹೊಂದಿಕೊಳ್ಳಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಬೋರ್ಡಿನ ಮೂಲೆಯಲ್ಲಿ, ದೂಳಿನ ಅಡಿಯಲ್ಲಿ, ಸಾಸಿವೆಕಾಳಿನಷ್ಟು ಹಸಿರು ಬೆಳಕು ಕಂಡಿತು. ದೂಳು ಅದನ್ನು ಅಷ್ಟು ಹೊತ್ತೂ ಮುಚ್ಚಿತ್ತು. ಮೂವರೂ ಸುಮ್ಮನೆ ನೋಡಿದೆವು. ಅವ್ವ ‘ಉಸ್ರಾಡ್ತಾ ಅದೆ’ ಅಂದಳು. ಮಾವ ಅದಕ್ಕೆ ಏನೂ ಹೇಳದೆ ‘ಇಲ್ಲೀಗಂಟ ಬಂದದೆ’ ಎಂದು ಮಾತ್ರ ಹೇಳಿದ.

ಬೋರ್ಡಿನವರೆಗೆ ಬಂದಿದೆ. ಹಾಗಾದರೆ ನಿಂತದ್ದೆಲ್ಲಿ? ನಾನು ಮಾವನಿಗೆ ನನಗೆ ಗೊತ್ತಿದ್ದಷ್ಟು ಹೇಳಿದೆ. ಈ ಮುಂದಿನ ಗುಂಡಿ ಗೋಡೆಯ ಸ್ವಿಚ್ಚಿನ ಹಾಗೆ ಕರೆಂಟನ್ನು ಕಡಿಯುವ ಕೂಡಿಸುವ ಸ್ವಿಚ್ಚಲ್ಲ. ಒತ್ತಿದಾಗ ಎರಡು ಸಪೂರ ವೈರುಗಳು ಒಂದು ಕ್ಷಣ ಕೂಡುತ್ತವೆ. ಬೋರ್ಡಿಗೆ ಅದೊಂದು ಸನ್ನೆ. ಆಗ ಬೋರ್ಡು ಹಸಿರು ವೈರನ್ನು ಕೆಳಕ್ಕೆ ಎಳೆಯುತ್ತದೆ, ಅದನ್ನು ಕಂಡು ಎಸ್‌ಎಂಪಿಎಸ್ ಎದ್ದು ಹಳದಿಯಲ್ಲಿ 12, ಕೆಂಪಿನಲ್ಲಿ 5, ಕಿತ್ತಲೆಯಲ್ಲಿ 3.3 ವೋಲ್ಟ್ ಬಿಡುತ್ತದೆ. ನಾನಿನ್ನೂ ಹೇಳುತ್ತಲೇ ಇದ್ದೆ, ಮಾವನ ಮುಖ ಅರಳಿತು.

‘ನಮ್ ಪಂಪ್‌ಸೆಟ್ ಸ್ಟಾರ್ಟ್ರು ಕನ ಇದು! ಹಸ್ರು ಗುಂಡಿ ಒತ್ತಿ ಕೈ ತೆಗುದ್ರೆ ಮೋಟ್ರು ಓಡ್ತಾನೇ ಇರಕಿಲ್ವ? ಮೋಟ್ರು ಕರೆಂಟು ಆ ಗುಂಡಿಲೇನು ಹರೀತದಾ? ಗುಂಡಿ ಕಾಯಿಲ್‌ಗೆ ಯೋಳ್ತದೆ, ಕಾಯಿಲ್ ಕಂಟ್ಯಾಕ್ಟ್ರ ಎಳ್ಕತದೆ. ಸ್ಟಾರ್ಟ್ರು ಬಂದ್ರೆ ನಾವು ಮೊದ್ಲು ನೋಡಾದೇ ಗುಂಡಿಯ.’

ನಾನು ಬೆಳಗಿನಿಂದ ಆ ಗುಂಡಿಯನ್ನು ಎಷ್ಟು ಸಲ ಒತ್ತಿದ್ದೆ, ಲೆಕ್ಕವಿಲ್ಲ. ಅನುಮಾನ ಅದರ ಮೇಲೆ ಒಮ್ಮೆಯೂ ಬಂದಿರಲಿಲ್ಲ. ಒತ್ತಿದರೆ ಒಳಗೆ ಹೋಗುತ್ತಿತ್ತು, ಬಿಟ್ಟರೆ ಹೊರಗೆ ಬರುತ್ತಿತ್ತು, ಟಿಕ್ ಎಂಬ ಸದ್ದೂ ಇತ್ತು. ಇನ್ನೇನು ಬೇಕು?

ಗುಂಡಿಯಿಂದ ಬೋರ್ಡಿಗೆ ಬರುವ ಎರಡು ವೈರಿನ ಚಿಕ್ಕ ಕನೆಕ್ಟರನ್ನು ಮಾವ ಮೆತ್ತಗೆ ಕಿತ್ತ. ಮಲ್ಟಿಮೀಟರನ್ನು ಪೀಂ ಎನ್ನುವ ಜಾಗಕ್ಕೆ ತಿರುಗಿಸಿ ಮೊನೆ ಎರಡನ್ನೂ ತಾಗಿಸಿ ಹಿಡಿದ. ಒತ್ತು ಅಂದ. ಒತ್ತಿದೆ. ಸದ್ದಿಲ್ಲ. ಗಟ್ಟಿಯಾಗಿ ಒತ್ತು ಅಂದ. ಸದ್ದಿಲ್ಲ. ಅದರ ಪಕ್ಕದಲ್ಲೇ ರೀಸೆಟ್ ಎನ್ನುವ ಇನ್ನೊಂದು ಸಣ್ಣ ಗುಂಡಿಯಿದೆ. ಅಪ್ಪ ಅದನ್ನು ಯಾವತ್ತೂ ಮುಟ್ಟಿದವನಲ್ಲ, ಅದನ್ನು ಒತ್ತಿದರೆ ಬರೆದದ್ದೆಲ್ಲ ಹೋಗುತ್ತದೆ ಎಂದು ಯಾರೋ ಹೆದರಿಸಿದ್ದರು. ಅದರ ವೈರಿಗೆ ಮೊನೆ ತಾಗಿಸಿ ಒತ್ತಿಸಿದ. ಪೀಂ.

ಈಗ ಉಳಿದದ್ದು ಒಂದೇ ಕೆಲಸ. ಗುಂಡಿಯನ್ನು ಬಿಟ್ಟು, ಬೋರ್ಡಿನ ಮೇಲೆ ಅದರ ವೈರು ಕೂತಿದ್ದ ಎರಡು ಕಡ್ಡಿಗಳನ್ನು ಸ್ಕ್ರೂಡ್ರೈವರಿನ ತುದಿಯಿಂದ ಒಂದು ಕ್ಷಣ ಕೂಡಿಸುವುದು. ಅಲ್ಲಿರುವುದು ಬರೀ 5 ವೋಲ್ಟು ಅಥವಾ ಅದಕ್ಕೂ ಕಡಿಮೆ, ಕೈಗೆ ಏನೂ ಆಗುವುದಿಲ್ಲ ಎಂದು ಗೊತ್ತು. ಆದರೆ ಅಕ್ಕಪಕ್ಕದ ಬೇರೆ ಕಡ್ಡಿಗೆ ತಾಗಿದರೆ ಬೋರ್ಡು ನಿಜವಾಗಿಯೂ ಹೋಗಬಹುದು. ‘ನೀನೇ ಮಾಡು’ ಅಂದ ಮಾವ. ‘ನನ್ ಕೈ ಮೋಟ್ರು ಕೈ, ದಪ್ಪ.’ ಅವ್ವ ಮೊಬೈಲ್ ಟಾರ್ಚು ಹಿಡಿದಳು. ಬೆಳಕು ಅಲ್ಲಾಡುತ್ತಿತ್ತು. ಸರಿಯಾಗಿ ಹಿಡ್ಕೊಳವ್ವ ಅಂದೆ. ‘ನೀನ್ ಮೊದ್ಲು ಸರ್ಯಾಗಿ ಹಿಡ್ಕೊ’ ಅಂದಳು. ಅಲ್ಲಾಡುತ್ತಿದ್ದದ್ದು ನನ್ನ ಕೈ.

ತಾಗಿಸಿದೆ.

ಫ್ಯಾನು ಒಂದು ಸಲ ಕೆಮ್ಮಿ, ದೂಳು ಉಗುಳಿ, ತಿರುಗಿತು. ಮುಂದಿನ ದೀಪ ಬಂತು. ಸ್ವಲ್ಪ ಹೊತ್ತಿಗೆ ಬೀಪ್ ಎನ್ನುವ ಒಂದು ಸಣ್ಣ ಸದ್ದು. ಅಪ್ಪನಿದ್ದಾಗ ದಿನಾ ಬೆಳಿಗ್ಗೆ ನನ್ನನ್ನು ಎಬ್ಬಿಸುತ್ತಿದ್ದ ಸದ್ದು ಅದು. ಅವ್ವ ಟಾರ್ಚನ್ನು ಆರಿಸದೆಯೇ ಸೆರಗಿನಲ್ಲಿ ಮುಖ ಒರೆಸಿಕೊಂಡಳು.

ಪರದೆಯ ಮೇಲೆ ಕಪ್ಪಿನಲ್ಲಿ ಬಿಳಿ ಅಕ್ಷರದ ಒಂದು ದೂರು ಬಂದು ನಿಂತಿತು. ಬೋರ್ಡಿನ ಮೇಲೆ ನಾಣ್ಯದಷ್ಟು ಅಗಲದ 3 ವೋಲ್ಟಿನ ಸೆಲ್ ಇರುತ್ತದೆ, ಗೋಡೆಯ ಕರೆಂಟು ಇಲ್ಲದಾಗ ಗಡಿಯಾರ ಓಡಿಸಲು. ಅದು ಖಾಲಿಯಾಗಿತ್ತು. ಎಫ್ 1 ಒತ್ತಿ ಮುಂದೆ ಹೋಗು ಎಂದಿತು, ಒತ್ತಿದೆ. ಹಸಿರು ಗುಡ್ಡ, ನೀಲಿ ಆಕಾಶದ ಎಕ್ಸ್‌ಪಿ ಬಂತು. ಮೂಲೆಯ ಗಡಿಯಾರ 2008ನೇ ಇಸವಿ ಜನವರಿ 1 ಎಂದು ತೋರಿಸುತ್ತಿತ್ತು. ಅಪ್ಪ ಇನ್ನೂ ಅದನ್ನು ಕೊಂಡೇ ಇಲ್ಲದ ಕಾಲ.

ಆರಿಸಬೇಡ ಎಂದಳು ಅವ್ವ. ಇಡೀ ರಾತ್ರಿ ಆರಿಸಲಿಲ್ಲ. ಮೊದಲು ಎಲ್ಲವನ್ನೂ ಎರಡು ಪೆನ್‌ಡ್ರೈವಿಗೆ ಇಳಿಸಿಕೊಂಡೆ, ನನ್ನ ಲ್ಯಾಪ್‌ಟಾಪಿಗೂ ಹಾಕಿದೆ. ಅಲ್ಲಿ ತೆರೆದರೆ ಇನ್ನೊಂದು ಗಾಬರಿ. ಕನ್ನಡವೇ ಇಲ್ಲ, ತಲೆಯ ಮೇಲೆ ಚುಕ್ಕಿ, ಕೊಂಡಿ, ಬಾಲ ಇರುವ ಇಂಗ್ಲಿಷ್ ಅಕ್ಷರಗಳ ಸಂತೆ. ಹಳೇ ನುಡಿಯಲ್ಲಿ ಬರೆದದ್ದು ಯೂನಿಕೋಡ್ ಅಲ್ಲ, ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ ಫಾಂಟು. ಆ ಫಾಂಟು ಇಲ್ಲದ ಕಡೆ ಮುಖವಾಡ ಕಳಚಿಬೀಳುತ್ತದೆ. ಪರಿವರ್ತಕಗಳಿವೆ, ನುಡಿಯವರದ್ದೇ ಇದೆ, ಆದರೆ ಅರ್ಕಾವತ್ತು ಅಲ್ಲಲ್ಲಿ ದಾರಿ ತಪ್ಪುತ್ತದೆ. ಆ ಕೆಲಸ ಈಗಲೂ ನಡೆಯುತ್ತಿದೆ, ಪುಟ ಪುಟ ಕೂತು ನೋಡಬೇಕು. ನಿಮ್ಮ ಮನೆಯಲ್ಲೂ ಹಳೇ ನುಡಿ, ಬರಹದ ಕಡತಗಳಿದ್ದರೆ ಯಂತ್ರ ಏಳುತ್ತಿರುವಾಗಲೇ ಬದಲಿಸಿಕೊಳ್ಳಿ.

ಆ ರಾತ್ರಿ ಅಪ್ಪನ ಪರದೆಯಲ್ಲೇ ಸಂಕಮ್ಮನ ಸಾಲು ತೆರೆದು ಅವ್ವನಿಗೆ ಓದಿದೆ. ಅವಳಿಗೆ ಓದಲು ಬರುವುದಿಲ್ಲ. ನೀಲೇಗೌಡ ಕಾಡಿಗೆ ಹೊರಡುವ ಮೊದಲು ಹೆಂಡತಿಯ ಹತ್ತಿರ ಭಾಷೆ ಕೇಳುವ ಜಾಗ. ಹೆಂಡತಿಯ ಮೇಲಿನ ಅನುಮಾನದಲ್ಲಿ ಕೇಳುವ ಭಾಷೆ ಅದು, ಅವಳು ಕೊಡುವುದಿಲ್ಲ. ಅರ್ಧ ಪುಟ ಓದುವಷ್ಟರಲ್ಲಿ ಅವ್ವ ಕೈ ಅಡ್ಡ ಹಿಡಿದಳು. ‘ಅಂಗಲ್ಲ ಅದು. ಅಲ್ಲಿ ಅವ್ಳು ನಿಂತ್ಕಂಡು ಮಾತಾಡ್ತಾಳೆ, ಕೂತ್ಕಂಡಲ್ಲ. ಆವತ್ತೇ ಯೋಳ್ದೆ ನಿಮ್ಮಪ್ಪಂಗೆ. ತಿದ್ದೇ ಇಲ್ಲ ನೋಡು.’ ಮುಂದಿನ ಪುಟದಲ್ಲಿ ಮತ್ತೆ ತಡೆದಳು. ಆ ಪದ ತನ್ನದಲ್ಲವಂತೆ, ಎಲ್ಲೇಮಾಳದಿಂದ ನಾಟಿ ಕೆಲಸಕ್ಕೆ ಬರುತ್ತಿದ್ದ ಒಬ್ಬಳದಂತೆ. ಅಪ್ಪ ಎಲ್ಲವನ್ನೂ ಅವಳ ಹೆಸರಿಗೇ ಬರೆದುಬಿಟ್ಟಿದ್ದಾನೆ. ನಾನು ತಿದ್ದಿಕೊಂಡೆ. ಹೀಗೆ ಹನ್ನೆರಡು ಗಂಟೆಯವರೆಗೂ ನಡೆಯಿತು. 163ನೇ ಪುಟಕ್ಕೆ ಬಂದಾಗ ಬರಹ ಒಂದು ಸಾಲಿನ ನಡುವೆ ನಿಂತುಹೋಗಿತ್ತು. ಅವನು ಆಸ್ಪತ್ರೆಗೆ ಹೋದ ವಾರದ್ದಿರಬೇಕು. ಕರ್ಸರ್ ಅಲ್ಲೇ ಮಿಣುಕುತ್ತಿತ್ತು. ಮುಂದೇನು ಎಂದು ಕೇಳಿದೆ. ನಿದ್ದೆ ಬತ್ತದೆ ಅಂದಳು.

ಮಾರನೆ ದಿನ ಮಾವ ಬಂದು ರೀಸೆಟ್ ಗುಂಡಿಯ ವೈರನ್ನು ಕಿತ್ತು ಆನ್ ಮಾಡುವ ಕಡ್ಡಿಗಳಿಗೆ ಕೂರಿಸಿಕೊಟ್ಟ. ಹಳೆಯ ಗುಂಡಿಯನ್ನು ಬಿಚ್ಚಿ ನೋಡಿದೆವು. ಒಳಗಿನ ಕಾಳುಮೆಣಸಿನಷ್ಟು ಸಣ್ಣ ಸ್ವಿಚ್ಚಿನ ತಗಡು ಸವೆದು ಕಪ್ಪಾಗಿತ್ತು. ಹೊರಗಿನ ಪ್ಲಾಸ್ಟಿಕ್ಕು ಹೆಬ್ಬೆರಳು ಕೂರುವ ಕಡೆ ಮಾತ್ರ ನುಣುಪಾಗಿ ಹೊಳೆಯುತ್ತಿತ್ತು. ದುಡ್ಡು ಕೊಡಲು ಹೋದರೆ ಮಾವ ತೆಗೆದುಕೊಳ್ಳಲಿಲ್ಲ. ಹಲ್ಲಿಮೊಟ್ಟೆ ಎರಡನ್ನೂ ಒಂದು ಕಾಗದದ ಮೇಲೆ ಎತ್ತಿ ಕಿಟಕಿಯ ಸಂದಿಯಲ್ಲಿಟ್ಟು ಹೋದ.

ಈಗ ಅದನ್ನು ರೀಸೆಟ್ ಗುಂಡಿ ಒತ್ತಿ ಆನ್ ಮಾಡುತ್ತೇವೆ. ಬೆಂಗಳೂರಿಗೆ ಹೊರಟಾಗ ಅವ್ವನಿಗೆ ತೋರಿಸಿಕೊಟ್ಟೆ, ವಾರಕ್ಕೊಮ್ಮೆಯಾದರೂ ಆನ್ ಮಾಡಿ ಸ್ವಲ್ಪ ಹೊತ್ತು ಬಿಡು ಎಂದು. ಮಾಡ್ತೀನಿ ಬುಡು ಅಂದಳು. 163ನೇ ಪುಟದ ಮುಂದಿನದನ್ನು ಯಾವಾಗ ಹೇಳ್ತೀಯ ಎಂದೂ ಕೇಳಿದೆ.

‘ಶಿವರಾತ್ರಿಗೆ ಬತ್ತೀಯಲ್ಲ, ಬಾ’ ಅಂದಳು. ‘ಅಷ್ಟೊತ್ಗೆ ಗ್ಯಾನ ಮಾಡ್ಕಂಡಿರ್ತೀನಿ.’